ಹೊಕ್ಕಿನ ಹಸಿರು ನೂಲು

ಕೊಯಮತ್ತೂರು
14 ಜೂನ್ 2025

ಪ್ರೀತಿಯ ದೊಡ್ಡವ್ವ,

ನಾನು ಮಾಲಾ, ನಿಮ್ಮ ತಂಗಿ ಸಿದ್ದವ್ವನವರ ಹೊಸ ಸೊಸೆ. ಹೋದ ತಿಂಗಳು ನಮ್ಮ ಮದುವೆಗೆ ಬಂದಿದ್ದಿರಿ. ಅಕ್ಷತೆ ಹಾಕಿ, ನನ್ನ ಸೆರಗನ್ನು ಎರಡು ಬೆರಳಿನ ನಡುವೆ ತಿಕ್ಕಿ, 'ಪವರ್‌ಲೂಮ್' ಎಂದು ಒಂದೇ ಮಾತು ಹೇಳಿ ಊಟಕ್ಕೆ ಹೋದಿರಲ್ಲ, ಆ ಸೀರೆಯೊಳಗಿದ್ದವಳು ನಾನೇ! ಅಂಗಡಿಯವನು ಕೈಮಗ್ಗದ್ದೆಂದು ಆಣೆ ಮಾಡಿ ಹೇಳಿದ್ದ. ಆ ಕ್ಷಣದಲ್ಲೇ ನಾನು ನಿಮ್ಮ ಅಭಿಮಾನಿಯಾಗಿಬಿಟ್ಟೆ.

ನಿಮಗೆ ಕಿವಿ ಕೇಳಿಸುವುದಿಲ್ಲ, ಫೋನು ಇಟ್ಟುಕೊಂಡಿಲ್ಲ, ಆದರೆ ಕಾಗದ ಬರೆದರೆ ತಪ್ಪದೆ ಉತ್ತರ ಬರುತ್ತದೆ ಎಂದು ಮೈಲಾರಿ ಹೇಳಿದರು. ಮೈಲಾರಿಗೆ ನೀವೆಂದರೆ ಬಹಳ ಇಷ್ಟ. ಚಿಕ್ಕವರಿದ್ದಾಗ, ನೇಯುವಾಗ ನೀವು ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದು ಬೈಸಿಕೊಂಡ ಕಥೆಯನ್ನು ಮೈಲಾರಿ ಇಲ್ಲಿ ಎಲ್ಲರಿಗೂ ಹೇಳುತ್ತಾರೆ. ನನ್ನ ಕನ್ನಡ ನೋಡಿ ನಗಬೇಡಿ. ಅಪ್ಪ ನರಗುಂದದಲ್ಲಿ ಹತ್ತಿ ವ್ಯಾಪಾರ ಮಾಡಿದರೂ ನನ್ನನ್ನು ಧಾರವಾಡದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹಾಸ್ಟೆಲ್‌ಗೆ ಹಾಕಿದ್ದರು. ಈ ಕಾಗದಕ್ಕೆ ಮೂರು ಹಾಳೆ ಹರಿದು ಹಾಕಿದ್ದೇನೆ!

ಮೈಲಾರಿ ಇಲ್ಲಿಯ ನೂಲಿನ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಎಂಬುದು ನಿಮಗೆ ಗೊತ್ತು. ನನ್ನ ಕೆಲಸ ಗೊತ್ತಿರಲಿಕ್ಕಿಲ್ಲ. ಬಟ್ಟೆಯ ಸಂಶೋಧನೆ ನಡೆಸುವ ಒಂದು ಪ್ರಯೋಗಾಲಯದಲ್ಲಿ ಹತ್ತಿ ನೂಲಿನೊಳಗೆ ಕರೆಂಟು ಹರಿಯುವಂತೆ ಮಾಡುವುದು ನನ್ನ ಕೆಲಸ. ಅಪ್ಪ ಇನ್ನೂ ಮೈಲಾರಿಯನ್ನು 'ಕರೆಂಟಿನ ಹುಡುಗ' ಎನ್ನುತ್ತಾರೆ. ಹಾಗಾದರೆ ನಾನು ಯಾರು? ಹತ್ತಿ ನೂಲನ್ನು ಮಂಜಿನಷ್ಟು ತಣ್ಣಗಿನ ಆಸಿಡ್ಡಿನ ದ್ರಾವಣದಲ್ಲಿ ಅದ್ದುತ್ತೇವೆ. ಅದರಲ್ಲಿ ಅನಿಲೀನ್ ಎಂಬ ಪದಾರ್ಥ ಇರುತ್ತದೆ. ಅದರ ಸಣ್ಣ ಸಣ್ಣ ಕಣಗಳು ಒಂದಕ್ಕೊಂದು ಕೈ ಹಿಡಿದು ಸರಪಳಿಯಾಗಿ ನೂಲಿನ ಮೈಮೇಲೆ ಕೂರುತ್ತವೆ. ಬಿಳಿ ನೂಲು ಕಣ್ಣೆದುರೇ ಹಸಿರಾಗುತ್ತದೆ. ಎಷ್ಟು ಚೆಂದ ಗೊತ್ತೇ! ತಾಮ್ರದ ತಂತಿ ಇಲ್ಲ, ಏನಿಲ್ಲ, ಬರೀ ಹತ್ತಿ, ಅದರಲ್ಲಿ ಕರೆಂಟು.

ಈ ನೂಲಿನಿಂದ ಎದೆಗೆ ಕಟ್ಟುವ ಪಟ್ಟಿ ಮಾಡಬೇಕು. ಮಲಗಿದ ರೋಗಿ ಉಸಿರೆಳೆದಾಗ ಪಟ್ಟಿ ಹಿಗ್ಗುತ್ತದೆ, ಅದರೊಳಗಿನ ಕರೆಂಟು ಬದಲಾಗುತ್ತದೆ, ಉಸಿರು ತಪ್ಪಿದರೆ ನರ್ಸಿಗೆ ಗೊತ್ತಾಗುತ್ತದೆ. ನಮ್ಮ ಮೇಡಂ ಅದನ್ನು ಗಿರಣಿಯಲ್ಲೇ ನೇಯಿಸೋಣ ಎಂದರು. ನಾನು ಬಿಡಲಿಲ್ಲ. 'ನಮ್ಮ ದೊಡ್ಡವ್ವ ಗಜೇಂದ್ರಗಡದಲ್ಲಿ ಮೂವತ್ತೆಂಟು ವರ್ಷದಿಂದ ನೇಯುತ್ತಿದ್ದಾರೆ, ಇವತ್ತಿನವರೆಗೆ ಒಂದು ಎಳೆ ತಪ್ಪಿಲ್ಲ' ಎಂದೆ. ಆಗಷ್ಟೇ ನನಗೆ ಫೋನು ಮಾಡಿದ್ದ ಮೈಲಾರಿ ಕೂಡ ಹೌದೆಂದರು. ನೇಯ್ದು ಕೊಡುತ್ತೀರಾ? ಇಲ್ಲ ಎನ್ನಬೇಡಿ, ಪ್ಲೀಸ್!

ನಿಮ್ಮ
ಮಾಲಾ ಮತ್ತು ಮೈಲಾರಿ


ಗಜೇಂದ್ರಗಡ
27-6-2025

ಮಾಲಾಗ ದೊಡ್ಡವ್ವ ಮಾನವ್ವನ ಆಶೀರ್ವಾದ.

ಕಾಗದ ಮುಟ್ಟಿತು. ಅಂಗಳದಾಗ ಬಿಸಿಲಿಗೆ ಹಿಡಕೊಂಡು ಎರಡು ದಿನ ಓದಿದೆ. ಇನ್ನ ಮುಂದ ದಪ್ಪ ಅಕ್ಷರದಾಗ ಬರಿ. ಕರೀ ಶಾಯಿ ಇರಲಿ. ಗಂಡನ ಹೆಸರು ಏಳು ಸಲ ಬರದೀದಿ. ಎಣಿಸೀನಿ. ನಿನ್ನ ಅತ್ತಿ ಕೈಯಾಗ ಈ ಕಾಗದ ಸಿಕ್ಕಿದ್ರ ಆಕಿಗೆ ನೀರು ಕುಡಿಸಬೇಕಾಗತಿತ್ತು.

ನೇಯ್ದ ಕೊಡತೀನಿ. ನನಗ ಈಗ ಇದು ಬೇಕಾಗೈತಿ, ಅದನ್ನ ಮೊದಲ ಹೇಳಿಬಿಡತೀನಿ. ಮಗ್ಗ ಖಾಲಿ ಐತಿ. ಸೀರಿ ವ್ಯಾಪಾರದ ದೇವಪ್ಪನ ನೂಲು ಇಪ್ಪತ್ತು ವರ್ಷ ನೇಯ್ದೆ. ನಾಕ ತಿಂಗಳಾತು, ಅವ ನೂಲು ಕೊಟ್ಟಿಲ್ಲ. ಡಿಜೈನ್ ಬದಲಾಗೈತಿ ಅಂತ ಮನ್ಯಾಗ ಹೇಳೀನಿ. ನನ್ನ ಮೈದುನ ಹೇಮಪ್ಪನ್ನ ನೀ ನೋಡೀದಿ, ನಿನ್ನ ಮದುವ್ಯಾಗ ಎರಡು ಪಂಕ್ತಿ ಊಟಕ್ಕ ಕುಂತವ. ಮನಿ ಅವನ ಹೆಸರಿಲೆ ಐತಿ. ದೀಪಾವಳಿ ಮಟಾ ಮಗ್ಗಕ್ಕ ಕೆಲಸ ಬರಲಿಲ್ಲಂದ್ರ ಮಗ್ಗ ಕಿತ್ತು, ಕುಣಿ ಮುಚ್ಚಿ, ಆ ಖೋಲ್ಯಾಗ ಹಿಟ್ಟಿನ ಗಿರಣಿ ಕೂಡಸ್ತೀನಿ ಅಂದಾನ. ಅವನ ಮ್ಯಾಲ ನನಗ ಸಿಟ್ಟಿಲ್ಲ. ಖಾಲಿ ಕುಣಿ ಇಟಗೊಂಡು ಅವ ಏನ ಮಾಡ್ಯಾನು. ಆದರ ಕುಣಿ ಮುಚ್ಚಿದ ಮ್ಯಾಲ ನಾ ಎಲ್ಲಿ ಕುಂದರಲಿ ಅನ್ನೂದು ನನಗ ಇನ್ನಾ ತಿಳಿದಿಲ್ಲ.

ಪಟ್ಟಿ ಎಷ್ಟು ಅಗಲ, ಎಷ್ಟು ಉದ್ದ, ಅಳತಿ ಬರದು ತಿಳಿಸು.

ಮಾನವ್ವ


ಕೊಯಮತ್ತೂರು
4 ಜುಲೈ 2025

ಪ್ರೀತಿಯ ದೊಡ್ಡವ್ವ,

ನೀವು ಒಪ್ಪಿದಿರಿ! ಕಾಗದ ಹಿಡಿದು ಪ್ರಯೋಗಾಲಯದ ಕಾರಿಡಾರಿನಲ್ಲಿ ಓಡಿದೆ. ಕಾವಲುಗಾರ ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡ.

ನೋಡಿ, ದಪ್ಪ ಅಕ್ಷರ, ಕಪ್ಪು ಶಾಯಿ. ನನ್ನ ಕೈಬರಹ ಓದಿಯೇ ಕನ್ನಡಕ ಬಂತೆಂದು ನಮ್ಮ ಟೀಚರ್ ಕೂಡ ಬೈಯುತ್ತಿದ್ದರು. ನಿಮಗೆ ಎರಡು ದಿನ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. 'ಅವರ' ಹೆಸರನ್ನು ಈ ಕಾಗದದಲ್ಲಿ ಒಮ್ಮೆಯೂ ಬರೆಯುವುದಿಲ್ಲ. ಹಿಟ್ಟಿನ ಗಿರಣಿ ಬೇಡವೇ ಬೇಡ. ಈ ಪಟ್ಟಿ ಗೆದ್ದರೆ ಮೇಡಂ ಇನ್ನಷ್ಟು ನೇಯಿಸುತ್ತಾರೆ, ನಿಮ್ಮ ಮಗ್ಗ ಎಲ್ಲಿಗೂ ಹೋಗುವುದಿಲ್ಲ.

ಪಾರ್ಸೆಲ್ಲಿನಲ್ಲಿ ಹಸಿರು ನೂಲಿನ ಆರು ಲಡಿ ಇವೆ. ಎಲ್ಲವನ್ನೂ ನಾನೇ ಅದ್ದಿದ್ದು, ಚೆನ್ನಾಗಿ ಜಾಲಿಸಿದ್ದೇನೆ, ಕೈಗೆ ಏನೂ ಆಗುವುದಿಲ್ಲ. ಪಟ್ಟಿ ಅಂಗೈ ಅಗಲ, ನಾಲ್ಕು ಮೀಟರ್ ಉದ್ದ ಬೇಕು. ಉದ್ದದ ಹಾಸಿಗೂ ಅಡ್ಡದ ಹೊಕ್ಕಿಗೂ ಇದೇ ನೂಲು. ಒಂದೇ ಮಾತು ನೆನಪಿಡಬೇಕು ದೊಡ್ಡವ್ವ: ನೂಲು ಹಸಿರಾಗಿರುವ ತನಕ ಅದರಲ್ಲಿ ಕರೆಂಟು ಹರಿಯುತ್ತದೆ. ನೀಲಿಗೆ ತಿರುಗಿದರೆ ಅದು ಬರೀ ದಾರ. ಬಣ್ಣದ ಮೇಲೆ ಒಂದು ಕಣ್ಣಿಟ್ಟಿರಿ, ಅಷ್ಟು ಸಾಕು. ಸೀರೆಯ ದಡಿಯಲ್ಲಿ ಹತ್ತು ಬಣ್ಣ ಆಡಿಸುವ ನಿಮಗೆ ಇದು ಯಾವ ಮಹಾ ಕೆಲಸ!

ನಿಮ್ಮ
ಮಾಲಾ (ಮತ್ತು ಅವರು)


ಗಜೇಂದ್ರಗಡ
19-7-2025

ಮಾಲಾಗ ಆಶೀರ್ವಾದ.

ಪಟ್ಟಿ ಈ ಗಂಟಿನಾಗ ಐತಿ. ಹೊಸಾ ನೂಲು ಬಂದ ಮ್ಯಾಲ ಏನೇನ ಮಾಡಬೇಕೋ ಅದನ್ನೆಲ್ಲಾ ಮಾಡಿ ಹಾಸು ಹಾಕಿದೆ. ನಾಕ ಮೀಟರ್ ಅಂದಿದ್ದಿ, ಮೂರೂವರಿ ಆಗೈತಿ. ನಿನ್ನ ನೂಲಿಗೆ ಕಸುವಿಲ್ಲ. ಹಾಸಿನ ಎಳಿ ಗೇಣಿಗೊಂದು ಹರದುವು, ಗಂಟು ಹಾಕ್ಕೋತ ಕುಂತೆ. ಅಂಗೈ ಅಗಲಕ್ಕ ಹನ್ನೊಂದು ದಿನ ಹಿಡೀತು. ಬಣ್ಣಾ ನೋಡೀನಿ, ಹಸಿರು ಹಂಗ ಐತಿ.

ಇನ್ನೊಂದು ವಿಷಯ. ನೂಲು ಬಂದ ದಿನಾನ ನಿನ್ನ ಅತ್ತಿ ಮುಶಿಗೇರಿಯಿಂದ ಬಂದಿದ್ಲು. ಲಡಿ ಬಿಚ್ಚಿ ಗಳಕ್ಕ ಹಾಕಿದ್ದೆ. 'ಇಷ್ಟು ಹಸಿರು ಯಾರದು?' ಅಂದ್ಲು. ನಿನ್ನ ಸೊಸಿ ಕಳಿಸ್ಯಾಳ, ನೇಯಾಕ ಹೇಳ್ಯಾಳ ಅಂದೆ. ಆಕಿ ಬಾಯಿ ಮ್ಯಾಲ ಕೈ ಇಟಗೊಂಡು ಕುಂತಬಿಟ್ಲು. ನೀ ಬಸರಿ, ಕುಬಸದ ಹಸರ ಸೀರಿಗೆ ನೂಲು ಕಳಿಸೀ ಅಂತ ತಿಳಕೊಂಡಾಳ. 'ನಾಚಿಕ್ಯಾಗಿ ನನಗ ಹೇಳಿಲ್ಲ, ನಿನಗ ಹೇಳ್ಯಾಳ' ಅಂತ ನನ್ನ ಕಿವ್ಯಾಗ ಒದರಿದ್ಲು. ನನಗ ಅರ್ಧಾ ಕೇಳಿತು, ಓಣ್ಯಾಗಿನ ಮಂದಿಗೆ ಪೂರಾ ಕೇಳಿತು. ಮದುವಿ ಆಗಿ ಎಷ್ಟು ದಿನಾ ಆತು ಎಣಸು ಅಂದೆ. ಬೆರಳು ಮಡಚಿದ್ಲು, ಬಿಚ್ಚಿದ್ಲು. ಆದ್ರೂ ಹೋಗೂ ಮುಂದ ಬಜಾರದಾಗ ಹಸರ ಖಣ ತಗೊಂಡ ಹೋಗ್ಯಾಳ. ಮುಶಿಗೇರಿ ತುಂಬ ಸುದ್ದಿ ಆಗಿದ್ರ ನನ್ನ ಬೈಬ್ಯಾಡ.

ಮಾನವ್ವ


ಕೊಯಮತ್ತೂರು
29 ಜುಲೈ 2025

ದೊಡ್ಡವ್ವನವರಿಗೆ,

ಪಟ್ಟಿ ತಲುಪಿತು. ಅದರಲ್ಲಿ ಕರೆಂಟು ಹರಿಯಲಿಲ್ಲ. ಎರಡು ದಿನ, ಮೂರು ಯಂತ್ರಗಳಲ್ಲಿ ಪರೀಕ್ಷೆ ಮಾಡಿದೆವು. ಪಟ್ಟಿ ನೀಲಿಯಾಗಿದೆ.

ಮೇಡಂ ನಿಮ್ಮ ಕಾಗದದಲ್ಲಿ ಏನಿದೆ ಎಂದು ಕೇಳಿದರು. ಓದಿ ಅರ್ಥ ಹೇಳಿದೆ. 'ಹಸಿರು ಹಾಗೇ ಇದೆ ಎಂದು ಬರೆದಿದ್ದಾರೆ, ಬಂದಿರುವುದು ನೀಲಿ. ಟಪಾಲಿನಲ್ಲಿ ಬಣ್ಣ ಬದಲಾಗುವುದಿಲ್ಲ. ನೂಲು ಹರಿದು ಸಾಲದೆ ಬಂದು ಬೇರೆ ನೂಲು ಹಾಕಿದ್ದಾರೆ' ಎಂದರು. ಹಾಗಾಗಿರಲಿಕ್ಕಿಲ್ಲ ಎಂದೆ. 'ಹಾಗಾದರೆ ಕೇಳಿ ನೋಡು' ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಬೇರೆ ನೂಲು ಹಾಕಿದಿರಾ? ಹಾಕಿದ್ದರೆ ಹಾಕಿದೆ ಎಂದು ಬರೆಯಿರಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಏನಾಯಿತೆಂದು ಗೊತ್ತಾಗದೆ ಮುಂದೆ ಹೋಗಲು ಬರುವುದಿಲ್ಲ.

ಮಾಲಾ


ಕೊಯಮತ್ತೂರು
14 ಆಗಸ್ಟ್ 2025

ದೊಡ್ಡವ್ವ,

ನಿಮ್ಮ ಉತ್ತರ ಬರಲಿಲ್ಲ. ಮಲಪ್ರಭೆಗೆ ನೀರು ಬಂದು ಕೊಣ್ಣೂರಿನ ಸೇತುವೆ ಮುಳುಗಿದೆ ಎಂದು ಅಪ್ಪ ಫೋನಿನಲ್ಲಿ ಹೇಳಿದರು. ಟಪಾಲು ಅದಕ್ಕೇ ತಡವಾಗಿದೆ ಎಂದುಕೊಂಡಿದ್ದೇನೆ. ಹೊಳೆಯ ದಂಡೆಯ ಹೊಳೆಮಣ್ಣೂರಿನವರನ್ನು ಶಾಲೆಯಲ್ಲಿ ಇಳಿಸಿದ್ದಾರಂತೆ. ನೀವು ಹುಷಾರಾಗಿದ್ದೀರಾ?

ಹಿಂದಿನ ಕಾಗದ ಅವಸರದಲ್ಲಿ ಬರೆದದ್ದು.

ಮಾಲಾ


ಗಜೇಂದ್ರಗಡ
20-8-2025

ಮಾಲಾಗ.

ಕೊಣ್ಣೂರ ಹೊಳಿಗೂ ಗಜೇಂದ್ರಗಡದ ಟಪಾಲಿಗೂ ಸಂಬಂಧ ಇಲ್ಲ. ಗುಡ್ಡದ ಬುಡಕ್ಕ ಇರೂ ಊರಿಗೆ ಹೊಳಿ ಬರಂಗಿಲ್ಲ. ನಾನ ಬರೀಲಿಲ್ಲ.

ಮೂವತ್ತೆಂಟು ವರ್ಷ ಕುಣ್ಯಾಗ ಕುಂತೀನಿ. ಎಳಿ ತಪ್ಪೈತಿ ಅಂದವರು ಅದಾರ, ಗಂಜಿ ಹೆಚ್ಚಾಗೈತಿ ಅಂದವರು ಅದಾರ. ನೂಲು ಬದಲ ಮಾಡೀ ಏನು ಅಂತ ಯಾರೂ ಕೇಳಿದ್ದಿಲ್ಲ. ಸಿಟ್ಟು ಬಂದಿತ್ತು. ಇಳಿಯೂ ಮಟಾ ತಡದೆ. ಇನ್ನಾ ಪೂರಾ ಇಳದಿಲ್ಲ.

ನಾ ಮಾಡಿದ್ದು ಇಷ್ಟ. ಲಡಿ ಬಿಚ್ಚಿದೆ. ಗಿರಣಿ ನೂಲಿಗೆ ಎಣ್ಣಿ ಜಿಡ್ಡು ಇರತೈತಿ ಅಂತ ಸೋಡಾ ಕಲಿಸಿದ ಬಿಸಿ ನೀರಾಗ ರಾತ್ರಿ ನೆನಿ ಇಟ್ಟೆ. ಹಿಂಡಿದೆ, ನೆಳ್ಳಾಗ ಒಣಗಿಸಿದೆ, ತೆಳ್ಳಗ ಗಂಜಿ ಕೊಟ್ಟೆ, ಹಾಸು ಹಾಕಿದೆ. ಇದನ್ನ ಕಾಗದದಾಗ ಬರೀಬೇಕು ಅಂತ ನನಗ ತಿಳೀಲಿಲ್ಲ. ಅನ್ನಾ ಮಾಡೂ ಮುಂದ ಅಕ್ಕಿ ತೊಳದೆ ಅಂತ ಯಾರರ ಹೇಳತಾರೇನು.

ಉಳಿದಿದ್ದ ಅರ್ಧಾ ಲಡಿ ಕಳಿಸೀನಿ. ಇದು ನಿನ್ನ ನೂಲ. ಹಸಿರ ಐತಿ. ನಿನ್ನ ಮೇಡಂಗ ತೋರಸು.

ಮಾನವ್ವ


ಕೊಯಮತ್ತೂರು
28 ಆಗಸ್ಟ್ 2025

ದೊಡ್ಡವ್ವ,

ಹೇಗೆ ಶುರು ಮಾಡಲಿ ಎಂದು ತಿಳಿಯುತ್ತಿಲ್ಲ. ತಪ್ಪು ನನ್ನದು, ಪೂರ್ತಿ ನನ್ನದು.

ಸೋಡಾ ಎಂಬ ಪದ ಓದಿದ ಕೂಡಲೇ ನಿಮ್ಮ ಪಟ್ಟಿಯ ತುದಿ ಕತ್ತರಿಸಿ ತೆಳು ಆಸಿಡ್ಡಿನಲ್ಲಿ ಅದ್ದಿದೆ. ಒಂದು ನಿಮಿಷದಲ್ಲಿ ಹಸಿರಾಯಿತು. ಈ ನೂಲಿಗೆ ಕರೆಂಟು ಬರುವುದೇ ಅದು ಹಿಡಿದಿಟ್ಟುಕೊಂಡ ಆಸಿಡ್ಡಿನಿಂದ. ಸೋಡಾ ಅದನ್ನು ಕಿತ್ತುಕೊಳ್ಳುತ್ತದೆ, ನೂಲು ನೀಲಿಯಾಗುತ್ತದೆ. ಮೇಡಂಗೆ ತೋರಿಸಿದೆ. ಬೇರೆ ನೂಲಾಗಿದ್ದರೆ ಹೀಗೆ ಬಣ್ಣ ತಿರುಗುತ್ತಿರಲಿಲ್ಲ ಎಂದು ಒಪ್ಪಿದರು. ನಿಮ್ಮ ಮೇಲಿನ ಮಾತು ವಾಪಸ್ ತೆಗೆದುಕೊಂಡರು. ಹೊಸ ನೂಲನ್ನು ನೇಕಾರರು ಮೊದಲು ತೊಳೆಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಹತ್ತಿ ವ್ಯಾಪಾರಿಯ ಮಗಳು, ಬಟ್ಟೆಯ ಶಾಸ್ತ್ರ ಓದಿದವಳು, ಇಷ್ಟನ್ನೂ ಕೇಳಿ ತಿಳಿದುಕೊಂಡಿರಲಿಲ್ಲ.

ಇನ್ನೊಂದು ವಿಷಯ ಮುಚ್ಚಿಟ್ಟಿದ್ದೆ. ಹಣ ಇದ್ದದ್ದು ಒಂದೇ ಸಲದ ಪ್ರಯೋಗಕ್ಕೆ. ಮತ್ತೆ ಮಾಡಲು ಮೇಡಂ ಒಪ್ಪಿಲ್ಲ. ಉಳಿದ ಪದಾರ್ಥ ಬಳಸಿ ರವಿವಾರ ನಾನೇ ಮಾಡಿಕೊಳ್ಳಬಹುದು ಎಂದಿದ್ದಾರೆ, ಅಷ್ಟೇ. ಮಾಡುತ್ತೇನೆ.

ನೀವು ಕಳಿಸಿದ ಅರ್ಧ ಲಡಿಯೂ ನೀಲಿಯೇ ಇತ್ತು ದೊಡ್ಡವ್ವ, ಶಾಯಿಯಂಥ ನೀಲಿ. ಮೈಲಾರಿಗೆ ತೋರಿಸಿದೆ, ಅವರೂ ನೀಲಿ ಎಂದರು. ಆದರೂ ನೀವು ಎರಡು ಸಲವೂ ಹಸಿರು ಎಂದು ಬರೆದಿರಿ. ನನಗೆ ಈಗ ಅರ್ಥವಾಗಿದೆ. ನಾನು ಕುಣಿದಾಡಿ ಬರೆದದ್ದನ್ನು ಓದಿ, ಕೆಟ್ಟಿದೆ ಎಂದು ಹೇಳಲು ನಿಮಗೆ ಮನಸ್ಸಾಗಲಿಲ್ಲ, ಅಲ್ಲವೇ? ನನಗಾಗಿ ಸುಳ್ಳು ಬರೆದಿರಿ. ಅಂಥ ಮನಸ್ಸಿನವರನ್ನು ನಾನು ಅನುಮಾನಿಸಿದೆ.

ನಿಮ್ಮ
ಮಾಲಾ


ಗಜೇಂದ್ರಗಡ
6-9-2025

ಮಾಲಾಗ ಆಶೀರ್ವಾದ.

ನಿನ್ನ ಮನಸ್ಸು ನೋಯಬಾರದು ಅಂತ ಹಸಿರು ಅಂದೆ ಅಂತ ತಿಳಕೊಂಡೀದಿ. ಹೌದು ಅಂತ ಬರದಿದ್ರ ಇಲ್ಲಿಗೆ ಮುಗೀತಿತ್ತು. ಎರಡು ದಿನ ಹಂಗ ಬರೀಬೇಕು ಅಂತಾನ ಇದ್ದೆ. ಆದರ ಇನ್ನೊಂದು ಸಲಾ ನೂಲು ಬಂದಾಗ ನಾ ಮತ್ತ ಹಸಿರು ಅಂತೀನಿ, ನೀ ಮತ್ತ ರವಿವಾರ ಕಳಕೋತೀ. ಅದಕ್ಕ ಬರೀಲಿಕ್ಹತ್ತೀನಿ.

ನಾ ಸುಳ್ಳು ಹೇಳಿಲ್ಲ. ನನಗ ಅದು ಹಸಿರ ಕಾಣತೈತಿ. ನಿನ್ನ ಕಾಗದ ಬಂದ ಮ್ಯಾಲ ಗಳಕ್ಕ ಉಳಿದಿದ್ದ ನಾಕ ಎಳಿ ಒಯ್ದು ಬಾಜೂ ಮನಿ ಜಹೀದಾಗ ತೋರಿಸಿ ಇದು ಯಾವ ಬಣ್ಣಾ ಅಂತ ಕೇಳಿದೆ. ಆಕಿ ನನ್ನ ಮಾರಿ ನೋಡಿದ್ಲು. ಆಮ್ಯಾಲ ತುಟಿ ಬಿಡಿಸಿ ಬಿಡಿಸಿ 'ನೀಲಿ' ಅಂದ್ಲು.

ದೇವಪ್ಪ ನೂಲು ನಿಲ್ಲಿಸಿದ್ದು ಡಿಜೈನಿನ ಸಲುವಾಗಿ ಅಲ್ಲ. ಒಂಬತ್ತು ಸೀರಿ ಒಂದ ಹಾಸಿನ ಮ್ಯಾಲ ನೇಯ್ದಿದ್ದೆ. ಒಂದು ದಡಿ ಹಸಿರು, ಇನ್ನೊಂದು ದಡಿ ನೀಲಿ ಆಗಿತ್ತು. ಎರಡೂ ಹಸಿರ ಆಗಬೇಕಿತ್ತು. ಅವ ಒಂಬತ್ತೂ ಸೀರಿ ಹೊರಸಿನ ಮ್ಯಾಲ ಹರವಿದ. ಬೈಲಿಲ್ಲ. ಮತ್ತ ಮಡಿಚಿದ. 'ಮಾನಕ್ಕ, ಒಂದ ಸಲಾ ದವಾಖಾನಿಗೆ ಹೋಗಿ ಬರ್ರಿ' ಅಂತ ಚೀಟಿ ಬರದು ಕೊಟ್ಟ. ಚೀಟಿ ಹರದು ಒಲ್ಯಾಗ ಹಾಕಿದೆ. ನಾ ದವಾಖಾನಿಗೆ ಹೋದ್ರ ಮನ್ಯಾಗ ತಿಳೀತೈತಿ. ಕಣ್ಣು ಅನ್ನೂ ಮಾತು ಹೇಮಪ್ಪಗ ತಿಳದ್ರ ದೀಪಾವಳಿ ಮಟಾನೂ ಕಾಯೂದಿಲ್ಲ. ಕಿವಿ ಇಲ್ಲದ ನೇಕಾರ್ತಿಗೆ ಕೆಲಸ ಐತಿ. ಕಣ್ಣಿಲ್ಲದಾಕಿಗೆ ಇಲ್ಲ.

ನೀ ಹಸಿರು ನೀಲಿ ಅಂತ ಬರದಾಗನ ಒಲ್ಲೆ ಅನ್ನಬೇಕಿತ್ತು. ಅನ್ನಲಿಲ್ಲ. ಈಗ ನೀ ಗಿರಣ್ಯಾಗ ನೇಯಿಸಿದ್ರೂ ನನಗ ಬ್ಯಾಸರಿಲ್ಲ.

ಮಾನವ್ವ


ಕೊಯಮತ್ತೂರು
13 ಸೆಪ್ಟೆಂಬರ್ 2025

ದೊಡ್ಡವ್ವ,

ಕಾಗದ ಓದಿದೆ. ಮೈಲಾರಿಗೆ ಹೇಳಿಲ್ಲ. ನೀವು ಹೇಳು ಎನ್ನುವ ತನಕ ಯಾರಿಗೂ ಹೇಳುವುದಿಲ್ಲ.

ಹೋದ ರವಿವಾರ ಎಂಟು ಲಡಿ ಅದ್ದಿದ್ದೇನೆ. ಪಾರ್ಸೆಲ್ಲಿನಲ್ಲಿ ಇವೆ. ಇದನ್ನು ತೊಳೆಯಬೇಡಿ, ನೀರನ್ನೂ ತಾಕಿಸಬೇಡಿ. ಜೊತೆಗೆ ಒಂದು ತಗಡಿನ ಡಬ್ಬಿ ಇದೆ. ಬಣ್ಣ ನೋಡದೆ ನೂಲು ಪರೀಕ್ಷಿಸಲು ಏನಾದರೂ ಮಾಡಿಕೊಡಿ ಎಂದು ಕೇಳಿದ್ದಕ್ಕೆ ಮೈಲಾರಿ ಕಟ್ಟಿಕೊಟ್ಟರು. ಯಾಕೆಂದು ಕೇಳಲಿಲ್ಲ. ಡಬ್ಬಿಯಿಂದ ಎರಡು ತಂತಿ ಹೊರಗೆ ಬಂದಿವೆ. ನೂಲಿನ ಮೇಲೆ ಎರಡನ್ನೂ ಬೆರಳಗಲ ಅಂತರದಲ್ಲಿ ಒತ್ತಿ ಹಿಡಿಯಿರಿ. ಕೆಂಪು ದೀಪ ಹತ್ತಿದರೆ ನೂಲು ಸರಿಯಿದೆ. ಹತ್ತದಿದ್ದರೆ ಇಲ್ಲ. ಇನ್ನು ಮೇಲೆ ಹಸಿರು ನೀಲಿಯ ಮಾತೇ ಬೇಡ.

ನೂಲಿಗೆ ಕಸುವಿಲ್ಲ ಎಂದು ಜುಲೈನಲ್ಲೇ ಬರೆದಿದ್ದಿರಿ. ನಾನು ಆ ಸಾಲನ್ನು ಓದಿಯೂ ಓದಿರಲಿಲ್ಲ. ಆಸಿಡ್ಡು ಹತ್ತಿಯನ್ನು ತಿನ್ನುತ್ತದೆ. ಅದಕ್ಕೆ ನನ್ನ ಬಳಿ ಉಪಾಯವಿಲ್ಲ. ನಿಮಗೆ ಏನಾದರೂ ತೋಚಿದರೆ ತಿಳಿಸಿ.

ಮಾಲಾ


ಗಜೇಂದ್ರಗಡ
25-9-2025

ಮಾಲಾಗ ಆಶೀರ್ವಾದ.

ಡಬ್ಬಿ ಚಲೋ ಐತಿ. ದೀಪ ಖರೇನ ಹತ್ತತೈತಿ. ಮೊದಲನೇ ದಿನ ಓಣ್ಯಾಗಿನ ಮಂದಿಯೆಲ್ಲಾ ಬಂದು ನೋಡಿ ಹೋದ್ರು. ಹೇಮಪ್ಪ ಬಾಗಲದಾಗ ನಿಂತು, 'ವೈನಿ ನೂಲಿಗೆ ಕರೆಂಟ್ ಕೊಡಾಕ ಹತ್ಯಾಳ, ಬಿಲ್ಲು ಯಾರ ಹೆಸರಿಗೆ ಬರತೈತಿ?' ಅಂತ ಜಹೀದಾಗ ಕೇಳಿದನಂತ. 'ನಿಮ್ಮ ಹೆಸರಿಗೇ ರೀ, ಮನಿ ನಿಮ್ಮದ ಅಲ್ಲೇನು' ಅಂದಳಂತ.

ನೂಲಿಗೆ ಉಪಾಯ ಕೇಳಿದ್ದಿ. ನೀ ಹೇಳಿದ್ದನ್ನ ನಾ ಮಾಡಿಲ್ಲ, ಮೊದಲ ಹೇಳತೀನಿ. ಉದ್ದಕ್ಕ ಇರೂದು ಹಾಸು. ಅದು ಬಿಗಿಯಾಗಿ ನಿಂತಿರಬೇಕು. ಒಂದೊಂದು ಎಳಿ ಹಾಕಿದಾಗೂ ಅದನ್ನ ಬಡದು ಕೂಡಸೂ ಹಣಗಿ ಹಾಸಿನ ಮೈ ತಿಕ್ಕಿ ಹೋಗತೈತಿ. ನಿನ್ನ ನೂಲಿನ ಮ್ಯಾಗಿನ ಪದರಾ ಅಲ್ಲೇ ಉದರತೈತಿ. ಹಣಗಿ ಒರಸಿದ್ರ ಅರಿವ್ಯಾಗ ಪುಡಿ ಬರತೈತಿ. ಅಡ್ಡಕ್ಕ ಹೋಗೂದು ಹೊಕ್ಕು. ಅದು ಲಾಳಿಯೊಳಗ ಕುಂತು ಒಂದ ಸಲಾ ಹೋಗತೈತಿ, ಒಂದ ಪೆಟ್ಟು ತಿಂತೈತಿ, ಆಮ್ಯಾಲ ಅದನ್ನ ಯಾರೂ ಮುಟ್ಟೂದಿಲ್ಲ. ಕಸುವಿಲ್ಲದ ನೂಲು ಹೊಕ್ಕಿಗೆ ಇರಬೇಕು. ಹಾಸಿಗೆ ಬರೇ ಬಿಳೀ ನೂಲು ಹಾಕೀನಿ. ಮನ್ಯಾಗ ಇತ್ತು, ಒಂದೂವರಿ ಮೀಟರಿಗೆ ಸಾಕಾತು.

ಹಂಗಾದ್ರ ಉದ್ದನ ಪಟ್ಟಿಯೊಳಗ ಕರೆಂಟ್ ಹ್ಯಾಂಗ ಹೋಗತೈತಿ ಅಂತ ಕೇಳತೀ. ಪಟ್ಟಿ ಉದ್ದಕ್ಕ ಯಾಕ ಬೇಕು? ಅಡ್ಡ ಕತ್ತರಸು. ನನ್ನ ಮಗ್ಗದ ಅಗಲ ನಲವತ್ತೆಂಟು ಇಂಚು. ಹೇಮಪ್ಪನ ಎದಿಗೂ ಸಾಕು. ಎರಡು ಇಂಚು ನಿನ್ನ ನೂಲು, ಅರ್ಧ ಇಂಚು ಬಿಳಿ, ಮತ್ತ ಎರಡು ಇಂಚು ನಿನ್ನದು, ಹಿಂಗ ನೇಯ್ದೀನಿ. ಬಿಳಿ ಇದ್ದಲ್ಲಿ ಕತ್ತರಸು. ಒಂದೊಂದೂ ಒಂದೊಂದು ಪಟ್ಟಿ.

ಒಂದೂ ಎಳಿ ಹರೀಲಿಲ್ಲ. ಪ್ರತಿ ಗೇಣಿಗೂ ಡಬ್ಬಿ ಹಿಡದು ನೋಡೀನಿ. ಒಂದು ಜಾಗಾದಾಗ ದೀಪ ಹತ್ತಲಿಲ್ಲ, ಬಿಚ್ಚಿ ಮತ್ತ ನೇಯ್ದೆ.

ಮಾನವ್ವ


ಕೊಯಮತ್ತೂರು
6 ಅಕ್ಟೋಬರ್ 2025

ದೊಡ್ಡವ್ವ,

ಬಟ್ಟೆ ತಲುಪಿದ ದಿನವೇ ಬಿಳಿ ಗೆರೆಗಳ ಮೇಲೆ ಕತ್ತರಿಸಿದೆವು. ಇಪ್ಪತ್ತು ಪಟ್ಟಿ ಬಂದವು. ಇಪ್ಪತ್ತರಲ್ಲಿ ಹತ್ತೊಂಬತ್ತರಲ್ಲಿ ಕರೆಂಟು ಒಂದೇ ಸಮ ಹರಿಯಿತು. ಗಿರಣಿಯಲ್ಲಿ ನೇಯಿಸಿದವರ ಪಟ್ಟಿಯಲ್ಲಿ ಇಷ್ಟು ಸಮನಾಗಿ ಬಂದದ್ದನ್ನು ಮೇಡಂ ನೋಡಿಲ್ಲವಂತೆ.

ಒಂದು ಪಟ್ಟಿಯ ತುದಿಗೆ ಎಲಾಸ್ಟಿಕ್ ಹೊಲಿದು ಮೈಲಾರಿಯ ಎದೆಗೆ ಕಟ್ಟಿದೆವು. ಅವರು ಉಸಿರೆಳೆದಾಗ ಪರದೆಯ ಮೇಲಿನ ಗೆರೆ ಏರಿತು, ಬಿಟ್ಟಾಗ ಇಳಿಯಿತು. ಮೇಡಂ 'ನಗಬೇಡಿ' ಎಂದರು. ಅವರು ನಕ್ಕರು. ಗೆರೆ ಅಡ್ಡಾದಿಡ್ಡಿ ಕುಣಿಯಿತು. ಅಡ್ಡ ಕತ್ತರಿಸುವ ಯೋಚನೆ ಯಾರದು ಎಂದು ಮೇಡಂ ಕೇಳಿದರು. ನಿಮ್ಮ ಹೆಸರು ಹೇಳಿದೆ. ವರದಿಯಲ್ಲಿ ಬರೆದುಕೊಂಡರು. ನಾವು ಐದು ಜನ, ಎರಡು ವರ್ಷ, ಪಟ್ಟಿ ಎಂದರೆ ಉದ್ದಕ್ಕೇ ಎಂದುಕೊಂಡಿದ್ದೆವು.

ಇಷ್ಟು ಸಂತೋಷದ ಸುದ್ದಿ. ಇನ್ನು ಉಳಿದದ್ದು. ಮುಂದಿನ ಹಂತಕ್ಕೆ ಒಪ್ಪಿಗೆ ಕೊಡುವ ಸಮಿತಿ ಸೇರುವುದು ಡಿಸೆಂಬರಿನಲ್ಲಿ. ಅಲ್ಲಿಯ ತನಕ ಮೇಡಂ ಆರ್ಡರು ಕೊಡುವ ಹಾಗಿಲ್ಲ. ಕೊಡುತ್ತಾರೆಂದು ಖಾತ್ರಿಯೂ ಇಲ್ಲ. ದೀಪಾವಳಿ ಇನ್ನು ಎರಡು ವಾರ. ಹೇಮಪ್ಪ ಕಾಕಾಗೆ ಕಾಗದ ಬರೆಯುತ್ತೇನೆ ಎಂದೆ. 'ಕಾಕಾ ಕಾಗದ ಓದುವುದಿಲ್ಲ, ಆರ್ಡರ್ ಕಾಪಿ ಕೇಳುತ್ತಾನೆ' ಎಂದರು ಮೈಲಾರಿ. ನಿಮ್ಮ ಮಗ್ಗ ಎಲ್ಲಿಗೂ ಹೋಗುವುದಿಲ್ಲ ಎಂದು ಜುಲೈನಲ್ಲಿ ಬರೆದಿದ್ದೆ. ಹಾಗೆ ಬರೆಯುವ ಅಧಿಕಾರ ನನಗಿರಲಿಲ್ಲ.

ಪದಾರ್ಥ ಇನ್ನೂ ಸ್ವಲ್ಪ ಇದೆ. ರವಿವಾರಗಳು ನನ್ನವು. ಅಷ್ಟು ಮಾತ್ರ ಖರೇ.

ಮಾಲಾ


ಗಜೇಂದ್ರಗಡ
17-10-2025

ಮಾಲಾಗ, ಮೈಲಾರಿಗೆ ದೊಡ್ಡವ್ವನ ಆಶೀರ್ವಾದ. ಈ ಕಾಗದ ಇಬ್ಬರೂ ಓದ್ರಿ.

ಹೋದ ಶುಕ್ರವಾರ ದೇವಪ್ಪನ ಅಂಗಡಿಗೆ ಹೋದೆ. ನನ್ನ ಕಣ್ಣಿಗೆ ಬಣ್ಣಾ ತಿಳಿಯಂಗಿಲ್ಲ, ನಿನ್ನ ಸೀರಿ ನಾನ ಕೆಡಿಸಿದೆ, ನಿನ್ನ ಚೀಟಿ ಒಲಿಗೆ ಹಾಕಿದೆ ಅಂತ ಗಿರಾಕಿ ಮುಂದನ ಹೇಳಿದೆ. ನನ್ನ ದನಿ ಎಷ್ಟು ದೊಡ್ಡದು ಅಂತ ನನಗ ಗೊತ್ತಾಗಂಗಿಲ್ಲ. ಬಜಾರಿನ ಮಂದಿ ತಿರಿಗಿ ನೋಡಿದ್ರು. ಅವ ಎದ್ದು ಬಂದು ಸ್ಟೂಲ್ ಹಾಕಿದ, ಚಹಾ ತರಿಸಿದ. ಬಣ್ಣಾ ಬ್ಯಾಡ, ಬಿಳೀ ನೂಲು ಕೊಡು, ಅದಕ್ಕ ಕೈ ಸಾಕು ಅಂದೆ. ಕೊಟ್ಟ. ಯಾವಾಗ ಮುಗಸ್ತೀರಿ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮರದಿನ ಜಹೀದಾನ್ನ ಕರಕೊಂಡು ಗದಗಿನ ಕಣ್ಣಿನ ದವಾಖಾನಿಗೆ ಹೋಗಿ ಬಂದೆ. ಎರಡೂ ಕಣ್ಣಿಗೆ ಪೊರಿ ಬಂದಾವಂತ. ಬಲಗಣ್ಣಿನ ಆಪರೇಷನ್ ಮುಂದಿನ ತಿಂಗಳ ಮೊದಲನೇ ವಾರ. ಎಡಗಣ್ಣು ಆಮ್ಯಾಲ.

ನಿನ್ನಿ ಮುಂಜಾನಿ ಹೇಮಪ್ಪ ಬಡಿಗ್ಯಾ ಮೆಹಬೂಬಸುಭಾನಿನ್ನ ಕರಕೊಂಡು ಬಂದ. ಹಬ್ಬಕ್ಕ ಇನ್ನಾ ನಾಕ ದಿನ ಇತ್ತು, ಅಳತಿ ಹಿಡೀತೀನಿ ಅಂದ. ಮೆಹಬೂಬಸುಭಾನಿ ಖೋಲಿ ಒಳಗ ಕಾಲ ಇಟ್ಟಾವ ಅಲ್ಲೇ ನಿಂತ. ಮಗ್ಗದ ಮ್ಯಾಲ ಹಾಸು ಏರಿತ್ತು. ಹಾಸು ಏರಿದ ಮಗ್ಗಕ್ಕ ನಮ್ಮ ಓಣ್ಯಾಗ ಯಾರೂ ಉಳಿ ಹಚ್ಚಂಗಿಲ್ಲ. ಮುಗಿಸಿ ಕೊಯ್ಯೂ ಮಟಾ ಅದು ನೇಯಾವರದು, ಮನಿ ಯಾರದರ ಇರಲಿ. ಅವ ಚೀಲಾ ಹೆಗಲಿಗೆ ಹಾಕಿಕೊಂಡು, 'ಇದು ನನ್ನ ಕೈಲೆ ಆಗಂಗಿಲ್ಲರಿ ಹೇಮಪ್ಪಣ್ಣ' ಅಂದನಂತ, ಹೊಂಟ ಹೋದ.

ಹೇಮಪ್ಪ ನನ್ನ ಕಿವಿ ಹತ್ರ ಬಂದ. ಹಾಸು ಎಷ್ಟು ಉದ್ದ ಐತಿ ಅಂದ. ಇಪ್ಪತ್ತನಾಕ ಮೀಟರ್ ಅಂದೆ. ನಿನ್ನ ನೂಲು ಹೊಕ್ಕಿಗೆ ಹೋದ ಮ್ಯಾಲ ಹಾಸಿಗೆ ಬಿಳೀ ನೂಲ ಸಾಕಲ್ಲ, ಅದನ್ನ ನಾ ಎಷ್ಟು ಬೇಕಾದ್ರೂ ಉದ್ದ ಹಾಕಬಹುದು.

'ಆರ್ಡರ್ ಬಂತೇನು?' ಅಂತ ಒದರಿದ.

ಇಲ್ಲ ಅಂದೆ.

ಅವ ಹಾಸಿನ ಎಳಿ ಬೆರಳಿಲೆ ಮೀಟಿ ನೋಡಿದ. ಕಣ್ಣಿನ ಸುದ್ದಿನೂ ಆವಾಗನ ಹೇಳಿದೆ. ಗದಗಿಗೆ ಯಾವತ್ತು ಹೋಗೂದು ಅಂತ ಕೇಳಿ, ಹೊಲಕ್ಕ ಹೋದ.

ಮೊದಲು ಒಂದು ಗೇಣು ಬಿಳಿ ನೇಯ್ದು ನಿಲ್ಲಿಸೀನಿ. ಇನ್ನ ಮುಂದ ನಿನ್ನ ನೂಲಿನ ಜಾಗಾ. ಡಿಸೆಂಬರದಾಗ ಆ ಸಮಿತಿಯವರು ಏನಂತಾರೋ ಅದು ಅವರ ಕೆಲಸ. ಕುಣ್ಯಾಗ ಕುಂತು ಬರೀಲಿಕ್ಹತ್ತೀನಿ, ಲಾಳಿ ಬಾಜೂಕ ಖಾಲಿ ಐತಿ. ನಾಡದು ರವಿವಾರ. ಎಂಟು ಲಡಿ ಸಾಲೂದಿಲ್ಲ, ಹನ್ನೆರಡು ಅದ್ದು.

ಮಾನವ್ವ